ಮಾತಿಗೆ ಬೆಲೆಯಿಲ್ಲದಲ್ಲಿ ರಜೆಯೇ ಮಾತು

ಸುರಕ್ಷತೆಯ ವಿಚಾರದಲ್ಲಿ ಕಾರ್ಮಿಕರನ್ನು ತೊಡಗಿಸಿಕೊಂಡರೆ ಗೈರುಹಾಜರಿ ತಾನಾಗಿ ಇಳಿಯುತ್ತದೆ ಎಂಬ ಮಾತಿಗೆ ಈಗ ಸೂತ್ರದ ಗೌರವ ಬಂದಿದೆ. ಆಡಳಿತ ತರಬೇತಿಯ ತರಗತಿಗಳಲ್ಲಿ ಅದನ್ನು ಬರೆಸುತ್ತಾರೆ. ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರಲ್ಲಿ ಹುಟ್ಟಿದ ದಿನವಾದ ಮಾರ್ಚ್ 4ರಂದು ಪ್ರತಿವರ್ಷ ಪ್ರತಿಜ್ಞೆ ಬೋಧಿಸಿ, ಘೋಷವಾಕ್ಯ ಸ್ಪರ್ಧೆಯ ಬಹುಮಾನ ಹಂಚಿ, ಅದೇ ಸೂತ್ರವನ್ನು ವೇದಿಕೆಯಿಂದ ಸಾರುತ್ತಾರೆ. ಈ ಸೂತ್ರಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು ಎಂದು ನನಗೆ ಖಚಿತವಾಗಿದೆ. ಅದರೊಳಗೆ ಒಂದು ಸತ್ಯ ಇದೆ. ಆದರೆ ಆ ಸತ್ಯವನ್ನು ಕಂಡುಕೊಂಡವರ ಪುಸ್ತಕವನ್ನು ನಾವು ಓದುವುದನ್ನೇ ಬಿಟ್ಟಿದ್ದೇವೆ. ಪಾಲ್ಗೊಳ್ಳುವಿಕೆಯ ಹೆಸರಿನಲ್ಲಿ ನಡೆಯುವ ಇಂದಿನ ಆಚರಣೆಗೂ ಆ ಸತ್ಯಕ್ಕೂ ಸಂಬಂಧವೇ ಉಳಿದಿಲ್ಲ.

ಇದನ್ನು ಒರೆಗೆ ಹಚ್ಚಲು ಸುಳ್ಯ ತಾಲೂಕಿನ ಐವರ್ನಾಡಿನ ರಬ್ಬರ್ ಗುಡ್ಡಗಳಿಗಿಂತ ತಕ್ಕ ಜಾಗ ಬೇರೆ ಬೇಕಿಲ್ಲ. ಇಲ್ಲಿನ ಕಥೆ ಓದುಗರಿಗೆ ಗೊತ್ತಿರುವಂಥದ್ದೇ. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ ಸಿಲೋನಿನ ತೋಟಗಳಲ್ಲಿ ದುಡಿಯುತ್ತಿದ್ದ 5,25,000 ತಮಿಳರು ಭಾರತಕ್ಕೆ ಬರಬೇಕೆಂದಾಯಿತು. ಹಾಗೆ ಬಂದ ಕುಟುಂಬಗಳಲ್ಲಿ ಹಲವಕ್ಕೆ ಸುಳ್ಯ, ಪುತ್ತೂರು ಸೀಮೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಆ ತೋಟಗಳು ಇಂದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಅವುಗಳ ಸುತ್ತಲೂ ಅಡಿಕೆ ತೋಟದ ಮೇಲ್ಗಡೆಯ ಗುಡ್ಡಕ್ಕೆ ರಬ್ಬರ್ ಹಾಕಿದ ಖಾಸಗಿ ಕೃಷಿಕರ ಹಿಡುವಳಿಗಳಿವೆ. ಮುಂದೆ ನಾನು ಹೇಳುವುದು ಯಾವುದೋ ಒಂದು ತೋಟದ ಮೇಲಿನ ದೂರಲ್ಲ. ರಬ್ಬರ್ ಕೆಲಸದ ಕ್ರಮವನ್ನೇ ಮುಂದಿಟ್ಟುಕೊಂಡು ಮಾತಾಡುತ್ತಿದ್ದೇನೆ.

ಆ ಕ್ರಮದಲ್ಲೇ ಅಪಾಯ ಅಡಗಿದೆ. ರಬ್ಬರ್ ಮರದೊಳಗಿನ ಒತ್ತಡ ಬೆಳಗಿನ ಜಾವಕ್ಕೆ ಹೆಚ್ಚು. ಬಿಸಿಲೇರಿದ ಹಾಗೆ ಹಾಲು ಇಳಿಯುವುದು ಕಡಿಮೆಯಾಗುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಟ್ಯಾಪಿಂಗ್ ಶುರು ಮಾಡಬೇಕು. ಒಬ್ಬರ ಪಾಲಿಗೆ ಮುನ್ನೂರರ ಆಸುಪಾಸಿನ ಮರಗಳು, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಇಳಿಜಾರು, ಪ್ರತಿ ಮರದ ಮುಂದೆ ಬಗ್ಗಿ ಎದ್ದು ಹೋಗುವ ಸೊಂಟ. ಕತ್ತಲಲ್ಲಿ ತರಗೆಲೆಯ ಕೆಳಗಿನ ಹಾವು ಕಾಣುವುದಿಲ್ಲ. ಮಳೆಗಾಲದಲ್ಲಿ ಉಂಬಳ, ಜಾರುವ ಮಣ್ಣು, ನೀರು ನಿಂತಲ್ಲಿ ಇಲಿಜ್ವರ. ಹಾಲು ಹಿಡಿಯದ ದಿನಗಳಲ್ಲಿ ಮರಕ್ಕೆ ಕಟ್ಟಿದ ಗೆರಟೆಯನ್ನು ಕವುಚಿ ಹಾಕದಿದ್ದರೆ ಅದರ ನೀರಲ್ಲಿ ಹುಟ್ಟುವ ಸೊಳ್ಳೆ ಡೆಂಗಿ, ಚಿಕುನ್‌ಗುನ್ಯವನ್ನು ಮನೆಮನೆಗೆ ಹಂಚುತ್ತದೆ. ಹಾಲನ್ನು ಗಟ್ಟಿ ಮಾಡುವಲ್ಲಿ ಫಾರ್ಮಿಕ್ ಆಸಿಡ್, ಶೀಟ್ ಒಣಗಿಸುವಲ್ಲಿ ಹೊಗೆಗೂಡು. ಇದಲ್ಲದೆ ಆನೆ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಟ ಯುವತಿಯನ್ನೂ ನೆರವಿಗೆ ಓಡಿಬಂದವರೊಬ್ಬರನ್ನೂ ಕಾಡಾನೆ ಕೊಂದದ್ದನ್ನು ಈ ಸೀಮೆ ಮರೆತಿಲ್ಲ. ಇವುಗಳಲ್ಲಿ ಒಂದೊಂದೂ ಒಬ್ಬ ಕಾರ್ಮಿಕನನ್ನು ಒಂದು ದಿನವೋ ಒಂದು ತಿಂಗಳೋ ಮನೆಯಲ್ಲಿ ಕೂರಿಸಬಲ್ಲದು. ಹಾಜರಿ ಪುಸ್ತಕದಲ್ಲಿ ಮಾತ್ರ ಅಷ್ಟಕ್ಕೂ ಗೈರು ಎಂಬ ಒಂದೇ ಗುರುತು.

ಇಲ್ಲಿ ಎಲ್ಲರ ಕಣ್ಣು ತಪ್ಪಿಸಿಕೊಂಡ ಒಂದು ಬದಲಾವಣೆ ಇದೆ. ಮೊದಲು ಮಳೆಗಾಲದಲ್ಲಿ ಮಳೆಯೇ ರಜೆ ಕೊಡುತ್ತಿತ್ತು. ಕಡಿದ ಪಟ್ಟೆಗೆ ನೀರು ಇಳಿದರೆ ಹಾಲು ತೊಳೆದು ಹೋಗುತ್ತದೆ, ತೊಗಟೆ ಕೊಳೆಯುತ್ತದೆ. ಆದ್ದರಿಂದ ಕತ್ತಿ ಕೆಳಗಿಡುವುದು ಮಾಲೀಕನಿಗೂ ಒಪ್ಪಿಗೆಯೇ ಆಗಿತ್ತು. ಆಮೇಲೆ ಪಟ್ಟೆಯ ಮೇಲೆ ಅಂಟಿಸುವ ಪ್ಲಾಸ್ಟಿಕ್ ಬಂತು. ಮರ ಒಣಗಿ ಉಳಿಯಿತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಟ್ಯಾಪಿಂಗ್ ಸಾಧ್ಯವಾಯಿತು, ಇಳುವರಿ ಹೆಚ್ಚಿತು. ಇದು ಒಳ್ಳೆಯ ತಂತ್ರ. ಕಾರ್ಮಿಕರಿಗೂ ಮಳೆಗಾಲದ ಕೂಲಿ ಸಿಕ್ಕಿತು. ಆದರೆ ಪ್ಲಾಸ್ಟಿಕ್ ಕಾಯುವುದು ಮರವನ್ನು. ಇಳಿಜಾರಿನ ಮಣ್ಣು ಮೊದಲಿನಷ್ಟೇ ಜಾರುತ್ತದೆ, ಕತ್ತಲು ಮೊದಲಿನಷ್ಟೇ ಕತ್ತಲು. ಮಳೆ ಮಾಡುತ್ತಿದ್ದ ನಿರ್ಧಾರವನ್ನು ಈಗ ಮನುಷ್ಯರು ಮಾಡಬೇಕಾಗಿದೆ. ಇವತ್ತು ಈ ಬ್ಲಾಕಿಗೆ ಕಾಲಿಡಬಹುದೇ, ಬೆಳಕಾಗುವ ತನಕ ಕಾಯಬೇಕೇ, ಮೇಲಿನ ಸಾಲು ಬಿಟ್ಟು ಕೆಳಗಿನ ಸಾಲು ಮುಗಿಸಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರು ಎಂಬುದೇ ಪಾಲ್ಗೊಳ್ಳುವಿಕೆಯ ನಿಜವಾದ ಪರೀಕ್ಷೆ. ಉತ್ತರ ಹೇಳುವ ಅಧಿಕಾರ ಕತ್ತಿ ಹಿಡಿದವರಿಗೆ ಇಲ್ಲವೆಂದಾದರೆ ಅವರಿಗೆ ಉಳಿಯುವ ಉತ್ತರ ಒಂದೇ: ಇವತ್ತು ಹೋಗುವುದಿಲ್ಲ.

ಈ ಸಂಬಂಧವನ್ನು ಅಂಕಿಯಲ್ಲಿ ತೋರಿಸಿದ ಪುಸ್ತಕವೊಂದಿದೆ. ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಮೂವರು ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ‘ಆರ್ಗನೈಸೇಶನಲ್ ಚಾಯ್ಸ್’. ಇಂಗ್ಲೆಂಡಿನ ಡರ್ಹಮ್ ಪ್ರದೇಶದ ಕಲ್ಲಿದ್ದಲು ಗಣಿಗಳ ಅಧ್ಯಯನ ಅದು. ಅದರಲ್ಲಿ ಬರುವ ಒಂದು ಪುಟ್ಟ ಕೋಷ್ಟಕಕ್ಕೆ ನಮ್ಮ ತರಬೇತಿ ಕೈಪಿಡಿಗಳೆಲ್ಲ ಸೇರಿದರೂ ಸಾಟಿಯಾಗಲಾರವು. ಒಂದೇ ಬಗೆಯ ಪದರ, ಒಂದೇ ಬಗೆಯ ಯಂತ್ರ ಇದ್ದ ಎರಡು ಕಡೆಗಳಲ್ಲಿ ಕೆಲಸದ ಏರ್ಪಾಟು ಮಾತ್ರ ಬೇರೆಯಾಗಿತ್ತು. ಮೊದಲನೆಯದರಲ್ಲಿ ರೂಢಿಯ ಪದ್ಧತಿ: ಒಬ್ಬೊಬ್ಬನಿಗೆ ಒಂದೊಂದೇ ಕೆಲಸ, ಕೆಲಸಕ್ಕೆ ತಕ್ಕ ಬೇರೆ ಬೇರೆ ಕೂಲಿ. ಎರಡನೆಯದರಲ್ಲಿ ಸಂಯುಕ್ತ ಪದ್ಧತಿ: ತಂಡವನ್ನು ಕಾರ್ಮಿಕರೇ ಆರಿಸಿಕೊಳ್ಳುತ್ತಾರೆ, ಪಾಳಿಯನ್ನೂ ಕೆಲಸವನ್ನೂ ತಮ್ಮೊಳಗೆ ಸರದಿಯಂತೆ ಹಂಚಿಕೊಳ್ಳುತ್ತಾರೆ, ಇಡೀ ತಂಡಕ್ಕೆ ಒಂದೇ ಕೂಲಿ ಚೀಟಿ, ಎಲ್ಲರಿಗೂ ಸಮಪಾಲು.

ಒಟ್ಟು ಪಾಳಿಗಳಲ್ಲಿ ಗೈರಾದವು ಶೇಕಡಾ ಎಷ್ಟು ಎಂದು ಕೋಷ್ಟಕ ಹೇಳುತ್ತದೆ. ಕಾರಣ ಹೇಳದ ಗೈರು ರೂಢಿಯ ಪದ್ಧತಿಯಲ್ಲಿ 4.3, ಸಂಯುಕ್ತ ಪದ್ಧತಿಯಲ್ಲಿ 0.4. ಕಾಯಿಲೆ ಮುಂತಾದ ಕಾರಣದ ಗೈರು 8.9 ಮತ್ತು 4.6. ಅಪಘಾತದ ಗೈರು 6.8 ಮತ್ತು 3.2. ಒಟ್ಟು ಲೆಕ್ಕದಲ್ಲಿ 20.0 ಮತ್ತು 8.2.

ಈ ಮೂರು ಸಾಲುಗಳನ್ನು ಅವಸರವಿಲ್ಲದೆ ಓದಬೇಕು. ಮೊದಲ ಸಾಲು ಇಳಿದದ್ದನ್ನು ಯಾವ ಮ್ಯಾನೇಜರನಾದರೂ ಶಿಸ್ತು ಬಂತು ಎಂದು ವಿವರಿಸಿಯಾನು. ಸಮಪಾಲಿನ ಕೂಲಿ ಇರುವಲ್ಲಿ ಒಬ್ಬ ಸುಮ್ಮನೆ ಮನೆಯಲ್ಲಿ ಕೂತರೆ ಉಳಿದವರು ಕೇಳುತ್ತಾರೆ, ಆ ನಾಚಿಕೆ ಅವನನ್ನು ಗಣಿಗೆ ಕರೆತರುತ್ತದೆ ಎಂದಾನು. ಎರಡನೆಯ ಸಾಲಿಗೆ ಬಂದಾಗ ಆ ವಿವರಣೆ ಎಡವುತ್ತದೆ. ಎರಡು ಕಡೆಯೂ ಅದೇ ಧೂಳು, ಅದೇ ಬಗ್ಗಿದ ಬೆನ್ನು; ಕಾಯಿಲೆ ಅರ್ಧಕ್ಕಿಳಿದದ್ದು ಹೇಗೆ? ಮೂರನೆಯ ಸಾಲಿನಲ್ಲಿ ಅದು ಪೂರ್ತಿ ನೆಲಕಚ್ಚುತ್ತದೆ. ಯಾವ ನಾಚಿಕೆಯೂ ಗಣಿಯ ಚಾವಣಿಯನ್ನು ಬೀಳದಂತೆ ತಡೆಯಲಾರದು. ಅಪಘಾತದ ಗೈರು ಅರ್ಧಕ್ಕಿಂತ ಕೆಳಗೆ ಬಂದಿದೆ ಎಂದರೆ ಕೆಲಸವೇ ಬೇರೆಯಾಗಿತ್ತು.

ಎಲ್ಲಿ ಬೇರೆಯಾಗಿತ್ತು? ರೂಢಿಯ ಪದ್ಧತಿಯಲ್ಲಿ ಒಂದು ಪಾಳಿಯವರು ಅರೆಬರೆ ಮಾಡಿ ಬಿಟ್ಟುಹೋದದ್ದರ ಕಷ್ಟ ಮುಂದಿನ ಪಾಳಿಯವರ ತಲೆಗೆ ಬರುತ್ತಿತ್ತು. ಅವರು ಬೇರೆ ಕೆಲಸದವರು, ಬೇರೆ ಕೂಲಿಯವರು. ಬಿಟ್ಟುಹೋದವನಿಗೆ ಅದರ ನಷ್ಟವಿಲ್ಲ. ಸಂಯುಕ್ತ ಪದ್ಧತಿಯಲ್ಲಿ ಸರದಿ ಇತ್ತು. ಇವತ್ತು ತಾನು ನಿಲ್ಲಿಸಿದ ಆಧಾರಗಂಬದ ಕೆಳಗೆ ನಾಳೆ ತಾನೇ ಮಂಡಿಯೂರಬೇಕು. ಹೀಗಿರುವಾಗ ಸುರಕ್ಷತೆಯನ್ನು ಯಾರೂ ಬೋಧಿಸಬೇಕಾಗಿಲ್ಲ, ಕೆಲಸದ ಏರ್ಪಾಟೇ ಬೋಧಿಸುತ್ತದೆ. ಅತಿ ಕಷ್ಟದ ಕೆಲಸ ಒಬ್ಬನ ಮೈಮೇಲೆಯೇ ವರ್ಷಗಟ್ಟಲೆ ಬೀಳದ ಕಾರಣ ಮೈಯೂ ಬಾಳಿಕೆ ಬರುತ್ತದೆ. ಮೈ ನೆಟ್ಟಗಿಲ್ಲದ ದಿನ ಹಗುರ ಕೆಲಸ ಕೇಳಿ ಪಡೆಯಲು ಸಾಧ್ಯವಿದ್ದರೆ ಪೂರ್ತಿ ರಜೆ ಹಾಕಬೇಕಾಗಿಲ್ಲ. ಕೋಷ್ಟಕದ ಮೂರು ಸಾಲೂ ಒಟ್ಟಿಗೆ ಇಳಿದದ್ದು ಈ ಕಾರಣಕ್ಕೆ ಎಂದು ನಾನು ಓದುತ್ತೇನೆ. ಕಾರಣ ಹೇಳದ ಗೈರು, ಕಾಯಿಲೆ, ಗಾಯ ಎಂದು ಕೋಷ್ಟಕದಲ್ಲಿ ಬೇರೆ ಬೇರೆ ಬರೆದರೂ ಅವುಗಳ ಬೇರು ಒಂದೇ ಇತ್ತು. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದ ಮನುಷ್ಯ ಅದರಿಂದ ಒಂದಲ್ಲ ಒಂದು ದಾರಿಯಲ್ಲಿ ಹೊರಗೆ ಬೀಳುತ್ತಾನೆ.

ಕೋಷ್ಟಕಕ್ಕೆ ಮಿತಿಗಳಿವೆ. ಎರಡೇ ಕಡೆಗಳ ಹೋಲಿಕೆ ಅದು. ಕೂಲಿಯ ಕ್ರಮವೂ ಜೊತೆಯಲ್ಲೇ ಬದಲಾಗಿದ್ದರಿಂದ ಯಾವುದರ ಫಲ ಎಷ್ಟು ಎಂದು ಬಿಡಿಸಿ ಹೇಳಲಾಗದು. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ನಿಲ್ಲುತ್ತದೆ. ಅಲ್ಲಿ ಗೈರನ್ನು ಇಳಿಸಿದ್ದು ಪ್ರತಿಜ್ಞೆಯಲ್ಲ, ಗೋಡೆಯ ಚಿತ್ರವಲ್ಲ, ಸಲಹಾ ಪೆಟ್ಟಿಗೆಯೂ ಅಲ್ಲ. ಯಾರು, ಯಾವಾಗ, ಎಲ್ಲಿ ಕೆಲಸ ಮಾಡಬೇಕೆಂಬುದನ್ನು ಮಾಡುವವರೇ ನಿರ್ಧರಿಸಿದ್ದು. ಈ ಬಗೆಯ ಪ್ರಯೋಗಗಳ ಪುಣ್ಯವನ್ನು ಸುರಕ್ಷತಾ ದಿನಾಚರಣೆಯ ಖಾತೆಗೆ ಜಮಾ ಮಾಡುವವರು ಓದುಗರಿಗೆ ಮೋಸ ಮಾಡುತ್ತಿದ್ದಾರೆ.

ಇದೇ ಟ್ರಿಸ್ಟ್ ಹತ್ತು ವರ್ಷ ಮೊದಲು, 1953ರಲ್ಲಿ, ಹಿಲ್ ಎಂಬವರ ಜೊತೆ ಬರೆದ ಲೇಖನವೊಂದು ಈ ಕ್ಷೇತ್ರದಲ್ಲಿ ಬಹಳ ಹೆಸರಾಯಿತು. ಉಕ್ಕಿನ ಕಾರ್ಖಾನೆಯೊಂದರ ದಾಖಲೆಗಳಿಂದ ಅವರು ಹೊರಡಿಸಿದ ವಾದ ಇದು: ಅಪಘಾತ ಕೂಡ ಕೆಲಸದಿಂದ ಹಿಂದೆ ಸರಿಯುವ ಒಂದು ಬಗೆ, ಹೆಚ್ಚು ಗೈರಾಗುವವರಿಗೇ ಹೆಚ್ಚು ಅಪಘಾತವಾಗುತ್ತದೆ. ಗೈರಿಗೂ ಅಪಘಾತಕ್ಕೂ ನಂಟಿದೆ ಎಂದು ಕಂಡದ್ದು ಅವರ ಹೆಚ್ಚುಗಾರಿಕೆ. ಆದರೆ ಆ ನಂಟನ್ನು ಕಾರ್ಮಿಕನ ಮನಸ್ಸಿನೊಳಗೆ ಕಟ್ಟಿಹಾಕಿದ್ದು ದೊಡ್ಡ ದೋಷ. ಜಾರುವ ಬ್ಲಾಕು ಸಿಕ್ಕವನು ಹೆಚ್ಚು ಸಲ ಬೀಳುತ್ತಾನೆ, ಅದೇ ಬ್ಲಾಕಿಗೆ ಹೆದರಿ ಹೆಚ್ಚು ಸಲ ತಪ್ಪಿಸಿಕೊಳ್ಳುತ್ತಾನೆ. ಎರಡಕ್ಕೂ ಕಾರಣ ಬ್ಲಾಕು. ಡರ್ಹಮ್‌ನ ಕೋಷ್ಟಕವೇ ಹಳೆಯ ಲೇಖನವನ್ನು ತಿದ್ದುತ್ತದೆ: ಕೆಲಸ ಬದಲಾದಾಗ ಎರಡೂ ಇಳಿದವು. ಹಾಗಿದ್ದೂ ಹಳೆಯ ಲೇಖನಕ್ಕೆ ಕೀರ್ತಿ, ಕೋಷ್ಟಕಕ್ಕೆ ಮರೆವು.

ಮನುಷ್ಯನನ್ನು ದೂರುವ ಈ ಹವ್ಯಾಸದ ಮೂಲಪುರುಷ ಹರ್ಬರ್ಟ್ ಹೈನ್ರಿಕ್. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಆತ 1931ರ ತನ್ನ ಪುಸ್ತಕದಲ್ಲಿ ಅಪಘಾತಗಳ ಪೈಕಿ ಶೇಕಡಾ 88 ಕಾರ್ಮಿಕರ ತಪ್ಪು ನಡೆಯಿಂದ, 10 ಅಸುರಕ್ಷಿತ ಸ್ಥಿತಿಯಿಂದ, 2 ತಪ್ಪಿಸಲಾಗದವು ಎಂದು ಹೇಳಿದ. ತೊಂಬತ್ತು ವರ್ಷ ದಾಟಿದರೂ ನಮ್ಮ ಸುರಕ್ಷತಾ ಭಾಷಣಗಳಲ್ಲಿ ಆ 88 ಸಾಯಲಿಲ್ಲ. ಅದು ಬಂದದ್ದು ಎಲ್ಲಿಂದ? ಬಹುಪಾಲು ಮೇಲ್ವಿಚಾರಕರು ತುಂಬಿಸಿದ ವರದಿಗಳಿಂದ. ಜಾರಿ ಬಿದ್ದವನನ್ನು ಕೆಲಸಕ್ಕೆ ಕಳಿಸಿದವನೇ ಬಿದ್ದದ್ದಕ್ಕೆ ಕಾರಣ ಬರೆದರೆ ಮೆಟ್ಟಿಲು ಕಡಿಯದ ಇಳಿಜಾರು ವರದಿಯಲ್ಲಿ ಬರುವುದಿಲ್ಲ. ಎಚ್ಚರ ತಪ್ಪಿದ ಎಂಬುದು ಬರುತ್ತದೆ. ಇಂದು ನಡವಳಿಕೆ ತಿದ್ದುವ ಸುರಕ್ಷತೆ ಎಂಬ ಹೆಸರಿನಲ್ಲಿ ಕಾರ್ಮಿಕರಿಂದಲೇ ಕಾರ್ಮಿಕರ ತಪ್ಪು ಗುರುತಿಸುವ ಚೀಟಿ ತುಂಬಿಸಿ ಅದನ್ನು ಪಾಲ್ಗೊಳ್ಳುವಿಕೆ ಎಂದು ಕರೆಯುವ ಪದ್ಧತಿ ಈ 88ರ ಮೊಮ್ಮಗು. ಅಂಥ ಪಾಲ್ಗೊಳ್ಳುವಿಕೆಯಿಂದ ಗಾಯ ಮುಚ್ಚಿಡುವುದು ಹೆಚ್ಚುತ್ತದೆ. ಪೆಟ್ಟಾದವನು ಪೆಟ್ಟು ಹೇಳಿಕೊಂಡರೆ ತನ್ನದೇ ತಪ್ಪಾಗುವುದರಿಂದ ಜ್ವರ ಎಂದು ಹೇಳಿ ರಜೆ ಹಾಕುತ್ತಾನೆ. ಅಪಘಾತದ ಸಾಲು ಇಳಿದು ಕಾಯಿಲೆಯ ಸಾಲು ಏರುತ್ತದೆ.

ನಮ್ಮಲ್ಲಿ ಇದರಷ್ಟೇ ಹಳೆಯ ಇನ್ನೊಂದು ದೂರು ಇದೆ. 1931ರ ವಿಟ್ಲಿ ಆಯೋಗದ ವರದಿಯ ಕಾಲದಿಂದ ಭಾರತದ ಕಾರ್ಮಿಕನ ಗೈರಿಗೆ ಕೊಡುತ್ತ ಬಂದ ಕಾರಣ ಅವನ ಹಳ್ಳಿಯ ನಂಟು. ಕೊಯ್ಲು, ಮದುವೆ, ಜಾತ್ರೆ ಎಂದು ಅವನು ಊರಿಗೆ ಓಡುತ್ತಾನೆ, ಕೈಗಾರಿಕೆಯ ಶಿಸ್ತು ಅವನಿಗೆ ಹಿಡಿಯಲಿಲ್ಲ ಎಂಬ ವಾದ. ಮುಂಬಯಿ ಗಿರಣಿಗಳ ಚರಿತ್ರೆ ಬರೆದ ಮಾರಿಸ್ ಡೇವಿಡ್ ಮಾರಿಸ್ 1965ರಲ್ಲೇ ಇದನ್ನು ಪ್ರಶ್ನಿಸಿ, ಕಾರಣವನ್ನು ಗಿರಣಿಯೊಳಗಿನ ನೇಮಕ ಮತ್ತು ಶಿಸ್ತಿನ ಕ್ರಮಗಳಲ್ಲಿ ಹುಡುಕಬೇಕೆಂದರು. ಆದರೂ ನಮ್ಮ ಕಡೆ ಕೃಷಿ ಸಭೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಅದೇ ಹಳೆಯ ರಾಗ: ಕೋಲ ಇದ್ದರೆ ಬರುವುದಿಲ್ಲ, ನೇಮ ಇದ್ದರೆ ಬರುವುದಿಲ್ಲ, ಕೂಲಿ ಹೆಚ್ಚಾದ ಮೇಲೆ ಕೆಲಸ ಬೇಡವಾಗಿದೆ.

ಐವರ್ನಾಡಿನ ಆಸುಪಾಸು ಈ ವಾದ ಎರಡು ಕಡೆಯಿಂದ ಕುಸಿಯುತ್ತದೆ. ಸಿಲೋನಿನಿಂದ ಬಂದ ಕುಟುಂಬಗಳಿಗೆ ಓಡಿಹೋಗಲು ಇಲ್ಲಿ ಹಳ್ಳಿಯಿರಲಿಲ್ಲ, ಕೊಯ್ಯಲು ಸ್ವಂತ ಗದ್ದೆಯಿರಲಿಲ್ಲ. ತೋಟದ ಲೈನ್ ಮನೆಯೇ ಅವರಿಗೆ ಊರು. ಹಳ್ಳಿಯ ನಂಟೇ ಗೈರಿನ ಮೂಲವಾಗಿದ್ದರೆ ಅವರಷ್ಟು ನಿಯಮಿತ ಹಾಜರಿಯವರು ಲೋಕದಲ್ಲೇ ಇರಬಾರದಿತ್ತು. ತೋಟದ ಕೆಲಸದಲ್ಲಿ ಗೈರು ಎಂಬ ಸಮಸ್ಯೆಯೇ ಅಲ್ಲಿ ಹುಟ್ಟಬಾರದಿತ್ತು. ಇನ್ನು ಇಲ್ಲಿಯವರ ಮಾತು. ಕೋಲ, ಜಾತ್ರೆ, ಮದುವೆಯ ದಿನ ವಾರಗಳ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಕೂತು ಮಾತಾಡಿದರೆ ಅದಕ್ಕೆ ಬದಲಿ ವ್ಯವಸ್ಥೆ ಕಷ್ಟವಲ್ಲ. ತೋಟವನ್ನು ಕೆಡಿಸುವುದು ಹೇಳದೆ ಕೇಳದೆ ಬೆಳಗ್ಗೆ ಐದು ಗಂಟೆಗೆ ಗೊತ್ತಾಗುವ ಗೈರು. ಅದು ಹಬ್ಬದಿಂದ ಬರುವುದಿಲ್ಲ. ರಾತ್ರಿಯಿಡೀ ಹೊಯ್ದ ಮಳೆಯಿಂದ, ನಿನ್ನೆ ಉಳುಕಿದ ಪಾದದಿಂದ, ಹೇಳಿದರೆ ಬೈಗುಳವೇ ಉತ್ತರವಾಗುತ್ತದೆಂಬ ಅನುಭವದಿಂದ ಬರುತ್ತದೆ. ಪುತ್ತೂರನ್ನು ಕರ್ಮಭೂಮಿ ಮಾಡಿಕೊಂಡ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ತೋಟದ ಸಾಲವನ್ನೂ ತೋಟದ ಜ್ವರವನ್ನೂ ಒಂದೇ ಹಗ್ಗದ ಎರಡು ಎಳೆಗಳಾಗಿ ತೋರಿಸಿ ದಶಕಗಳೇ ಕಳೆದವು. ಕಾಫಿ ತೋಟಕ್ಕೆ ಹೋದ ಚೋಮನ ಮಗ ಜ್ವರ ಹೊತ್ತು ಬರುತ್ತಾನೆ. ತೋಟದ ಲೆಕ್ಕದಲ್ಲಿ ಅವನು ಕೆಲಸ ಬಿಟ್ಟುಹೋದ ಆಳು, ಅಷ್ಟೇ. ಈ ಕಾದಂಬರಿಯನ್ನು ಓದಿ ಬೆಳೆದ ನಾಡಿನಲ್ಲಿ ಗೈರಿಗೆ ಸೋಮಾರಿತನವನ್ನು ಕಾರಣ ಕೊಡುವ ಬರಹಗಾರರ ಬಗ್ಗೆ ನನಗೆ ಸಹನೆ ಉಳಿದಿಲ್ಲ.

ಎಡಪಂಥೀಯ ಗೆಳೆಯರೊಂದಿಗೂ ಜಗಳ ಇದೆ. ಸುರಕ್ಷತಾ ಸಮಿತಿಯೆಂದರೆ ಕಾರ್ಮಿಕ ನಾಯಕರನ್ನು ಚಹಾ ಕುಡಿಸಿ ಸುಮ್ಮನಾಗಿಸುವ ಉಪಾಯ ಎಂದು ಅವರು ತಳ್ಳಿಹಾಕುತ್ತಾರೆ. ಹಲವು ಸಮಿತಿಗಳು ಹಾಗಿರುವುದು ನಿಜ. ಆದರೆ ಬ್ರಿಟನ್ನಿನ ಕೆಲಸದ ಸ್ಥಳಗಳ ಸಮೀಕ್ಷೆಯನ್ನು ಆಧರಿಸಿ ರೈಲಿ, ಪಾಚಿ, ಹಾಲ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಹೇಳುತ್ತದೆ. ಆಡಳಿತವೇ ಸುರಕ್ಷತೆಯ ಎಲ್ಲವನ್ನೂ ತೀರ್ಮಾನಿಸುವ ಕಡೆಗಿಂತ, ಕಾರ್ಮಿಕ ಪ್ರತಿನಿಧಿಗಳನ್ನು ಸಂಘವೇ ಆರಿಸಿ ಕಳಿಸುವ ಸಮಿತಿಗಳಿದ್ದ ಕಡೆ ಗಾಯಗಳು ಕಡಿಮೆ ಇದ್ದವು. ಸಮಿತಿ ಎಂಬ ಪಾತ್ರೆ ಕೆಟ್ಟದ್ದಲ್ಲ. ಅದರಲ್ಲಿ ಕೂರುವವರನ್ನು ಯಾರು ಆರಿಸುತ್ತಾರೆ, ಅವರ ಮಾತಿನಿಂದ ಏನು ಬದಲಾಗುತ್ತದೆ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ.

ನಮ್ಮ ಕಾನೂನು ಎಡವಿದ್ದು ಇಲ್ಲಿಯೇ. 1984ರ ಭೋಪಾಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ 41-ಜಿ ಮತ್ತು 41-ಎಚ್ ಕಲಂಗಳು ಸೇರಿದವು. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಯಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕೆಂದಿತು ಮೊದಲನೆಯದು. ಸನ್ನಿಹಿತ ಅಪಾಯದ ಶಂಕೆ ಬಂದರೆ ಕಾರ್ಮಿಕ ಅದನ್ನು ಆಡಳಿತಕ್ಕೂ ಇನ್‌ಸ್ಪೆಕ್ಟರರಿಗೂ ತಿಳಿಸಬಹುದೆಂದಿತು ಎರಡನೆಯದು. ಆಡಳಿತಕ್ಕೆ ಅಪಾಯ ಮನವರಿಕೆಯಾದರೆ ತಕ್ಷಣ ಕ್ರಮ ಕೈಗೊಳ್ಳಬೇಕಿತ್ತು. ಆಗದಿದ್ದರೆ ವಿಷಯ ಇನ್‌ಸ್ಪೆಕ್ಟರರ ಬಳಿಗೆ ಹೋಗುತ್ತಿತ್ತು. ಆ ತನಕ ಕಾರ್ಮಿಕ ಏನು ಮಾಡಬೇಕಿತ್ತು? ಕಲಂ ಬಾಯಿ ಬಿಡಲಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆಯ 13ನೇ ಕಲಂ ಆ ಮುಂದಿನ ಹೆಜ್ಜೆಯನ್ನು ಇಟ್ಟಿದೆ: ಜೀವಕ್ಕೋ ಆರೋಗ್ಯಕ್ಕೋ ಗಂಭೀರ ಅಪಾಯವಿದೆಯೆಂದು ಸಕಾರಣವಾಗಿ ನಂಬಿ ಕೆಲಸದಿಂದ ಹಿಂದೆ ಸರಿದವನಿಗೆ ಅದರಿಂದ ತೊಂದರೆಯಾಗಬಾರದು. ಕೃಷಿ ಕಾರ್ಮಿಕರಿಗೆಂದೇ ರೂಪಿಸಿದ 2001ರ 184ನೇ ಒಡಂಬಡಿಕೆ ಇದೇ ಹಕ್ಕನ್ನು ಹೊಲ ತೋಟಗಳಿಗೂ ತಂದಿತು. ನಮ್ಮಲ್ಲಿ ಹೇಳುವ ಹಕ್ಕಿದೆ, ಸರಿಯುವ ಹಕ್ಕಿಲ್ಲ. ಸರಿಯುವ ಹಕ್ಕಿಲ್ಲದವನು ಮರುದಿನ ಬರುವುದೇ ಇಲ್ಲ. ಕಾನೂನು ನಿಂತಲ್ಲಿಂದ ಗೈರುಹಾಜರಿ ಶುರುವಾಗುತ್ತದೆ.

ತೋಟಗಳಿಗಂತೂ ಅಷ್ಟೂ ಸಿಗಲಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ನೀರು, ಆಸ್ಪತ್ರೆ, ಶಿಶುವಿಹಾರಗಳ ಬಗ್ಗೆ ಧಾರಾಳವಾಗಿ ಮಾತಾಡಿತು. ಸುರಕ್ಷತೆಯ ಅಧ್ಯಾಯ ಸೇರಿದ್ದು 2010ರ ತಿದ್ದುಪಡಿಯಲ್ಲಿ. ಅದೂ ಕೀಟನಾಶಕ ಮತ್ತು ವಿಷ ರಾಸಾಯನಿಕಗಳ ಸುತ್ತ. ಅಲ್ಲಿ ಕಾರ್ಮಿಕ ತರಬೇತಿ ಪಡೆಯುವವನು, ತಪಾಸಣೆಗೆ ಒಳಗಾಗುವವನು, ನಿರ್ಧಾರದಲ್ಲಿ ಪಾಲುಗಾರನಲ್ಲ. ಈ ಎರಡೂ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ 22ನೇ ಕಲಂ ಯಾವುದೇ ಸಂಸ್ಥೆಯಲ್ಲಿ ಸಮಿತಿ ರಚಿಸಬೇಕೆಂದು ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಬಾರದೆಂದೂ ಹೇಳಿದೆ. ತೋಟಗಳಿಗೂ ಈ ಬಾಗಿಲು ಈಗ ತೆರೆಯಬಹುದು. ಆದರೆ ಸರ್ಕಾರ ಆದೇಶ ಹೊರಡಿಸಿದರೆ ಮಾತ್ರ ಸಮಿತಿ. ಹೇಳುವ ಹಕ್ಕು ಇಲ್ಲಿಯೂ ಹೇಳುವಲ್ಲಿಗೇ ನಿಂತಿದೆ.

ಮಾತಿಗೆ ಬೆಲೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಈ ಸೀಮೆ ತೆತ್ತ ಬೆಲೆ ಎಂಡೋಸಲ್ಫಾನ್. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳ ಕಾಲ ಆ ಕೀಟನಾಶಕವನ್ನು ಸುರಿದರು. ಕೊಕ್ಕಡದಿಂದ ಕಾಸರಗೋಡಿನ ಗಡಿಯವರೆಗೆ ಮಕ್ಕಳು ಹಾಸಿಗೆಯಲ್ಲೇ ಉಳಿದರು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಿಂಪಡಣೆಯ ದಿನ ಬೇಡ ಎನ್ನುವ ಅಧಿಕಾರ ಆ ತೋಟಗಳಲ್ಲಿ ದುಡಿಯುವವರಿಗೂ ಪಕ್ಕದಲ್ಲಿ ಬದುಕುವವರಿಗೂ ಇದ್ದಿದ್ದರೆ ಆ ವರ್ಷಗಳು ಬೇರೆಯಾಗುತ್ತಿದ್ದವು. ಪಾಲ್ಗೊಳ್ಳುವಿಕೆ ಹಾಜರಿ ಹೆಚ್ಚಿಸುವ ಉಪಾಯ ಎಂದು ಯಾರಾದರೂ ಹೇಳಿದಾಗ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ. ಅದು ಜೀವ ಉಳಿಸಿಕೊಳ್ಳುವ ಹಕ್ಕು.

ಹಾಜರಿಯ ಅಂಕಿಯಿಂದ ಅದನ್ನು ಅಳೆಯಲು ಹೊರಟವರಿಗೆ ಸ್ವೀಡನ್ ಉತ್ತರ ಕೊಡುತ್ತದೆ. 1974ರಿಂದ ಅಲ್ಲಿ ಕಾರ್ಮಿಕರ ಸುರಕ್ಷತಾ ಪ್ರತಿನಿಧಿಗೆ ಅಪಾಯದ ಕೆಲಸವನ್ನು ಇನ್‌ಸ್ಪೆಕ್ಟರ್ ಬರುವ ತನಕ ನಿಲ್ಲಿಸುವ ಅಧಿಕಾರವಿದೆ. ಪಾಲ್ಗೊಳ್ಳುವಿಕೆಯಲ್ಲಿ ಅದಕ್ಕಿಂತ ಮುಂದೆ ಹೋದ ದೇಶಗಳು ಕಡಿಮೆ. ಹಾಗಿದ್ದರೂ 1980ರ ದಶಕದ ಕೊನೆಗೆ, ಮತ್ತೆ 2000ದ ದಶಕದ ಆರಂಭಕ್ಕೆ, ಅಲ್ಲಿನ ಕಾಯಿಲೆ ರಜೆ ಯುರೋಪಿನ ಅತಿ ಎತ್ತರದ ಮಟ್ಟಗಳಲ್ಲಿ ಒಂದಕ್ಕೇರಿತ್ತು. ಕಾಯಿಲೆಯ ದಿನಕ್ಕೂ ಸಂಬಳ ಸಿಗುವಲ್ಲಿ ಕಾಯಿಲೆಯವರು ಮನೆಯಲ್ಲಿ ಉಳಿಯುತ್ತಾರೆ. ಅದು ಆರೋಗ್ಯದ ಲಕ್ಷಣ. ನಮ್ಮಲ್ಲಿ ದಿನಗೂಲಿಯ ಟ್ಯಾಪರ್ ಜ್ವರದಲ್ಲೂ ಗುಡ್ಡ ಹತ್ತಿದರೆ ಹಾಜರಿ ನೂರಕ್ಕೆ ನೂರು. ಇಲಿಜ್ವರ ಅವನ ಮೂತ್ರಪಿಂಡಕ್ಕೆ ಇಳಿದದ್ದು ಪುಸ್ತಕಕ್ಕೆ ಗೊತ್ತಾಗುವುದಿಲ್ಲ. ಪೂರ್ತಿ ಹಾಜರಿಗೆ ಬೋನಸ್ ಕೊಡುವ ಪದ್ಧತಿ ಅವನನ್ನು ಜ್ವರದಲ್ಲೇ ಗುಡ್ಡಕ್ಕೆ ದೂಡುತ್ತದೆ. ಒಳ್ಳೆಯ ಪಾಲ್ಗೊಳ್ಳುವಿಕೆ ಒಂದು ಬಗೆಯ ಗೈರನ್ನು ಇಳಿಸುತ್ತದೆ, ಇನ್ನೊಂದು ಬಗೆಯದನ್ನು ಏರಿಸಲೂಬಹುದು. ಗಾಯದ ಗೈರು, ಹೆದರಿಕೆಯ ಗೈರು ಇಳಿಯಬೇಕು. ಕಾಯಿಲೆಯವನು ಧೈರ್ಯವಾಗಿ ಹಾಕುವ ರಜೆ ಏರಿದರೆ ಅದಕ್ಕಾಗಿ ಸಂತೋಷಪಡಬೇಕು.

ಹಾಗಾದರೆ ಐವರ್ನಾಡಿನ ಗುಡ್ಡದಲ್ಲಿ ಆಗಬೇಕಾದದ್ದೇನು? ದೊಡ್ಡ ತೋಟಗಳಲ್ಲಿ ಡರ್ಹಮ್‌ನ ಪಾಠವನ್ನು ನೇರವಾಗಿ ಪ್ರಯೋಗಿಸಬಹುದು. ಒಬ್ಬೊಬ್ಬರಿಗೆ ಒಂದೊಂದು ಬ್ಲಾಕು ಖಾಯಂ ಮಾಡುವ ಬದಲು ಅಕ್ಕಪಕ್ಕದ ನಾಲ್ಕೈದು ಬ್ಲಾಕುಗಳನ್ನು ನಾಲ್ಕೈದು ಮಂದಿಯ ತಂಡಕ್ಕೆ ಒಟ್ಟಾಗಿ ಬಿಡಬೇಕು. ಕಡಿದಾದ ಸಾಲು ಯಾರ ಪಾಲಿಗೆ, ಎಷ್ಟು ದಿನ ಎಂಬುದನ್ನು ಅವರೇ ಸರದಿ ಹಾಕಿಕೊಳ್ಳಲಿ. ಮಂಡಿ ನೋವಿನ ಹೆಂಗಸಿಗೆ ತಗ್ಗಿನ ಸಾಲು ಕೊಡಲು ಸೂಪರ್‌ವೈಸರನ ದಯೆ ಬೇಕಾಗಿಲ್ಲ. ಕಾಡು ಸವರುವ, ಪ್ಲಾಸ್ಟಿಕ್ ಹಾಕುವ, ಮೆಟ್ಟಿಲು ಕಡಿಯುವ ಕೆಲಸಗಳೂ ಆ ತಂಡದ ಸರದಿಯೊಳಗೆ ಬರಲಿ. ತಾನು ಸವರಿದ ದಾರಿಯಲ್ಲಿ ತಾನೇ ಕತ್ತಲಲ್ಲಿ ನಡೆಯಬೇಕಾದಾಗ ಹಾವಿನ ಪೊದೆ ಉಳಿಯುವುದಿಲ್ಲ. ಮಳೆಯ ಬೆಳಗಿನಲ್ಲಿ ಹತ್ತಬೇಕೇ ಬೇಡವೇ ಎಂಬ ತೀರ್ಮಾನ ತಂಡದ್ದೇ ಆಗಿರಲಿ. ನಿಲ್ಲಿಸಿದ ದಿನ ಕನಿಷ್ಠ ಕೂಲಿ ಕೈತಪ್ಪದಿರಲಿ. ಕೂಲಿಯಿಲ್ಲದ ನಿಲ್ಲಿಸುವ ಹಕ್ಕು ಹಸಿದವನಿಗೆ ಹಕ್ಕೇ ಅಲ್ಲ.

ಸಣ್ಣ ಹಿಡುವಳಿಗಳ ಮಾತು ಬೇರೆ. ಇಲ್ಲಿನ ಬಹುಪಾಲು ರಬ್ಬರು, ಅಡಿಕೆ ಒಬ್ಬಿಬ್ಬರು ಆಳುಗಳ ಮೇಲೆ ನಿಂತಿದೆ. 15 ಮಂದಿಯ ಹಳೆಯ ಕಾಯ್ದೆ, 10 ಮಂದಿಯ ಹೊಸ ಸಂಹಿತೆ, 5 ಹೆಕ್ಟೇರ್‌ಗಳ ಅಳತೆ, ಯಾವುದೂ ಅವರನ್ನು ಮುಟ್ಟುವುದಿಲ್ಲ. ಮಳೆ ಬಿಟ್ಟ ಗಳಿಗೆಯಲ್ಲಿ ಅಡಿಕೆ ಮರ ಹತ್ತಿ ಬೋರ್ಡೋ ಮದ್ದು ಬಿಡುವವನಿಗೆ ಯಾವ ಸಮಿತಿ? ಇಲ್ಲಿಯೂ ಸ್ವೀಡನ್ನಿನ ಒಂದು ಏರ್ಪಾಟು ಕಲಿಯಲು ಯೋಗ್ಯ. ಸಣ್ಣ ಸಣ್ಣ ಕೆಲಸದ ಜಾಗಗಳಿಗೆಲ್ಲ ಸೇರಿ ಸಂಘದ ಕಡೆಯಿಂದ ಒಬ್ಬ ಪ್ರಾದೇಶಿಕ ಸುರಕ್ಷತಾ ಪ್ರತಿನಿಧಿ. ಸಂಘದ ಸದಸ್ಯರಿರುವ ಅಂಥ ಯಾವ ಜಾಗಕ್ಕೂ ಹೋಗಿ ನೋಡುವ ಅಧಿಕಾರ ಆತನಿಗಿದೆ. ನಮ್ಮಲ್ಲಿ ಊರೂರಿಗೆ ಸಹಕಾರಿ ಸಂಘಗಳಿವೆ, ರಬ್ಬರ್ ಬೆಳೆಗಾರರ ಸಂಘಗಳಿವೆ. ಬೆಳೆಗಾರನ ಸಾಲಕ್ಕೆ, ಗೊಬ್ಬರಕ್ಕೆ, ಮಾರಾಟಕ್ಕೆ ಇರುವ ಈ ಜಾಲದಲ್ಲಿ ಟ್ಯಾಪರ್‌ಗಳು, ಮದ್ದು ಬಿಡುವವರು, ಕೊಯ್ಲಿನವರು ತಾವೇ ಆರಿಸಿದ ಒಬ್ಬ ಪ್ರತಿನಿಧಿಗೆ ಜಾಗ ಕೊಡುವುದು ಅಸಾಧ್ಯವಲ್ಲ. ಆತ ತಮಿಳು, ತುಳು, ಮಲಯಾಳ, ಅರೆಭಾಷೆ ಯಾವುದರಲ್ಲಿ ದೂರು ಬಂದರೂ ಕೇಳಬಲ್ಲವನಾಗಿರಬೇಕು. ಅಪಾಯ ಕಂಡಲ್ಲಿ ಆ ದಿನದ ಕೆಲಸ ನಿಲ್ಲಿಸೆಂದು ಹೇಳಿದರೆ ಬೆಳೆಗಾರ ಕೇಳಬೇಕು.

ಇಂದಿನ ಪಾಲ್ಗೊಳ್ಳುವಿಕೆಯ ಆಚರಣೆಯ ಬಗ್ಗೆ ನನ್ನ ತೀರ್ಪು ಇಷ್ಟು. ಮಾರ್ಚ್ 4ರ ಪ್ರತಿಜ್ಞೆಯಿಂದ ಯಾವ ಗುಡ್ಡದಲ್ಲೂ ಒಂದು ಗೈರು ಇಳಿಯುವುದಿಲ್ಲ. ಕಾರ್ಮಿಕರ ಮಾತಿನಿಂದ ಕೆಲಸದ ವೇಳೆ, ಜಾಗ, ಸರದಿ ಬದಲಾಗದ ಸಮಿತಿ ಇದ್ದರೂ ಇಲ್ಲದಂತೆಯೇ. ತೋಟದ ಆಡಳಿತ ಇನ್ನು ಮುಂದೆ ವರ್ಷದ ಕೊನೆಗೆ ಎಷ್ಟು ಮಂದಿ ಎಷ್ಟು ದಿನ ಬರಲಿಲ್ಲ ಎಂದು ಎಣಿಸುವ ಮೊದಲು ಇನ್ನೊಂದು ಲೆಕ್ಕ ಮುಂದಿಡಲಿ: ಕಾರ್ಮಿಕರು ಬೇಡವೆಂದದ್ದರಿಂದ ಎಷ್ಟು ಬೆಳಗು ಟ್ಯಾಪಿಂಗ್ ನಿಂತಿತು, ಎಷ್ಟು ಬ್ಲಾಕುಗಳ ದಾರಿ ತಿದ್ದಿದರು, ಹಾಗೆ ನಿಂತ ದಿನದ ಕೂಲಿ ಎಷ್ಟು ಮಂದಿಗೆ ಸಂದಿತು. ಈ ಲೆಕ್ಕ ಸೊನ್ನೆಯಾಗಿದ್ದರೆ ಹಾಜರಿ ಪುಸ್ತಕದ ಗೈರಿಗೆ ಕಾರ್ಮಿಕರಿಂದ ವಿವರಣೆ ಕೇಳುವ ನೈತಿಕ ಹಕ್ಕು ಆಡಳಿತಕ್ಕಿಲ್ಲ.